ಇಂದ್ರಮ್ಮನ ನೂರ ಎಂಬತ್ತನೇ ದಿನ

ಕರೆಯುವ ಹಸು ಕೊಟ್ಟಿಗೆಯಲ್ಲಿರುವಷ್ಟು ದಿನ, ಬೆಳಿಗ್ಗೆ ಆರೂವರೆಗೆ ಕ್ಯಾನು ಹಿಡಿದು ಡೇರಿಗೆ ಹೋಗುವುದನ್ನು ಇಂದ್ರಮ್ಮ ಒಂದು ದಿನವೂ ತಪ್ಪಿಸಿದವಳಲ್ಲ. ಗಂಡ ಶಾಂತಮಲ್ಲಪ್ಪ ತೀರಿಕೊಂಡ ದಿನವೂ ಹೋದಳು. ನಮ್ಮ ಪದ್ಧತಿಯಂತೆ ಅವನನ್ನು ಜಗಲಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಭಜನೆ ಶುರುವಾಗಿತ್ತು. ಇವಳು ಕ್ಯಾನು ಎತ್ತಿಕೊಂಡಳು. ಯಾರೋ ಗದರಿದ್ದಕ್ಕೆ, “ಅವರೆಲ್ಲೂ ಎದ್ದೋಗಲ್ಲ ಕಣ್ರೀ, ಹಾಲು ಒಡ್ದೋಯ್ತದೆ,” ಅಂದಳು. ಶಿವ ಕ್ಷಮಿಸಲಿ, ಭಜನೆಯವರಿಗೂ ನಗು ತಡೆಯಲಾಗಲಿಲ್ಲ.

ಹುಲ್ಲು ಕುಯ್ಯುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಹೆಂಗಸರು. ಡೇರಿಯಲ್ಲಿ ಹೆಸರು ಮಾತ್ರ ಗಂಡಸರದು. ಬದುಕಿದ್ದಾಗ ಡೇರಿ ಮೆಟ್ಟಿಲು ತುಳಿಯದ ಶಾಂತಮಲ್ಲಪ್ಪ, ಸತ್ತ ಮೇಲೆ ಎರಡು ವರ್ಷ ತಪ್ಪದೆ ಹಾಲು ಹಾಕಿದ. ಅಷ್ಟು ದಿನ ಓಡಾಡಿಸಿದ ಮೇಲೆ, ಹೋದ ವರ್ಷ ಸದಸ್ಯತ್ವ ಇಂದ್ರಮ್ಮನ ಹೆಸರಿಗೆ ಬಂತು. ಬಂದದ್ದೇ ತಡ, ಹದಿನಾಲ್ಕು ವರ್ಷದಿಂದ ಅಧ್ಯಕ್ಷರಾಗಿದ್ದ ವೀರಯ್ಯನವರ ಎದುರು ಚುನಾವಣೆಗೆ ನಿಲ್ಲುತ್ತೇನೆ ಎಂದಳು.

ನಮ್ಮ ಸಂಘದ ನಿಯಮ ಹೀಗಿತ್ತು: ತಮ್ಮ ಹೆಸರಲ್ಲಿ ನೂರ ಎಂಬತ್ತು ದಿನ ಹಾಲು ಹಾಕಿದವರಷ್ಟೇ ಚುನಾವಣೆಗೆ ನಿಲ್ಲಬಹುದು. ಇಂದ್ರಮ್ಮನದು ನೂರ ಎಪ್ಪತ್ತೊಂಬತ್ತು ಆಗಿತ್ತು. ಗಬ್ಬದ ಹಸು ಬತ್ತುತ್ತಾ ಬಂದು, ಬೆಳಗಿನ ಹೊತ್ತು ಮಾತ್ರ ಒಂದು ಲೀಟರ್ ಕೊಡುತ್ತಿತ್ತು. ನಿಲ್ಲಬಹುದಾದವರ ಪಟ್ಟಿ ತಾಲ್ಲೂಕು ಕಚೇರಿಗೆ, ಆಲೂರಿಗೆ, ಹೋಗುವುದು ಅವಳ ನೂರ ಎಂಬತ್ತನೇ ದಿನವೇ, ಮಧ್ಯಾಹ್ನ.

ಆ ದಿನ ಆರೂವರೆಗೆ ಅವಳು ಬಂದರೆ ತೂಕದ ಮಿಷನ್ನಿಗೆ ಬಟ್ಟೆ ಹೊದಿಸಿ, ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು.

“ಇವತ್ತು ಹಾಲು ತಕ್ಕಳಾದು ಬೇಗ ಮುಗಿಸ್ಬುಟ್ವಿ ಕಣಮ್ಮ,” ಅಂದರು ವೀರಯ್ಯ. “ಆಫ್ರಿಕಾದಿಂದ ಹೆಂಗಸರು ಬತ್ತಾವ್ರೆ, ಹೆಣ್ಮಕ್ಕಳ ನಾಯಕತ್ವ ನೋಡಾಕೆ. ಒಳ್ಳೆ ಸೀರೆ ಉಟ್ಕಂಡು ಬಾ, ಆರತಿಗೆ ಒಬ್ಬರು ಕಮ್ಮಿ ಅವ್ರೆ.”

“ಈ ಹಾಲು?”

“ಪಾಯಸ ಮಾಡ್ಕೊ.”

ಇಂದ್ರಮ್ಮ ಸೀರೆ ಬದಲಿಸಲಿಲ್ಲ. ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ನಡುವೆಯೇ ಕುಳಿತಳು. ಒಳಗೆ ಹೋಗುವವರು ಅವಳನ್ನು ದಾಟಿಯೇ ಹೋಗಬೇಕು.

ಏಳು ಗಂಟೆಗೆ ಜೀಪು ಬಂತು. ಆಲೂರಿನ ಮಹಿಳಾ ಸಂಘದ ತರಬೇತಿಗೆಂದು ಬಂದಿದ್ದ ಆರು ಜನ ಇಳಿದರು. ಮಾತು ತಿಳಿಸಲು ಸಂಘದ ಹುಡುಗಿ ಮೇಘಾ ಜೊತೆಗಿದ್ದಳು. ಎಲ್ಲರಿಗಿಂತ ಮುಂದೆ ಬಂದ ಉಗಾಂಡದ ನಕಾಟೊ, ಹಾರಕ್ಕೆ ಕತ್ತು ಕೊಡುವುದು ಬಿಟ್ಟು, ಮೆಟ್ಟಿಲ ಮೇಲೆ ಇಂದ್ರಮ್ಮನ ಪಕ್ಕ ಕುಳಿತು ಏನಾಯಿತೆಂದು ಕೇಳಿದಳು. ಇಂದ್ರಮ್ಮ ಪಾಯಸದ ಮಾತನ್ನೂ ಬಿಡದೆ ಹೇಳಿದಳು. ಮೇಘಾ ಹೆದರುತ್ತಲೇ ಎಲ್ಲವನ್ನೂ ತಿಳಿಸಿದಳು.

ನಕಾಟೊ ಮೆಟ್ಟಿಲು ಅದುರುವಂತೆ ನಕ್ಕಳು.

“ಅವರ ಊರಲ್ಲೂ ಹಿಂಗೇ ಅಂತೆ ಆಂಟಿ,” ಅಂದಳು ಮೇಘಾ. “ಕಾಫಿ ಕುಯ್ಯೋದು ಇವರು, ಗಿಡ ಗಂಡಂದು, ಸಂಘದಲ್ಲಿ ಓಟೂ ಅವನದೇ. ನಲವತ್ತು ಹೆಂಗಸರು ಸೇರಿ ನಾಲ್ಕು ವರ್ಷದಿಂದ ಆ ನಿಯಮ ಬದಲಾಯಿಸೋಕೆ ಜಗಳ ಆಡ್ತಿದಾರಂತೆ. ಸುಮ್ಮನಿರಿಸೋಕೆ ಮೊದಲು ಇವರಿಗೆ ಟೀ ಮಾಡೋ ಸಮಿತಿ ಕೊಟ್ಟರಂತೆ.”

“ಇಲ್ಲಿ ಆರತಿ ಕೊಡ್ತಾರೆ ಅಂತ ಹೇಳವ್ವ.”

ನಕಾಟೊ ನಗು ನಿಲ್ಲಿಸಿ, ವೀರಯ್ಯನವರತ್ತ ತಿರುಗಿ, ಇಲ್ಲಿನ ನಿರ್ದೇಶಕರಲ್ಲಿ ಹೆಂಗಸರೆಷ್ಟು ಎಂದು ಕೇಳಿದಳು. ವೀರಯ್ಯ ಶಾಲು ಸರಿಮಾಡಿಕೊಂಡರು. ಇನ್ನೊಮ್ಮೆ ಸರಿಮಾಡಿಕೊಂಡರು. ಆಮೇಲೆ ಇಂದ್ರಮ್ಮನ ಕಿವಿಯ ಹತ್ತಿರ ಬಗ್ಗಿದರು.

“ಎದ್ದೇಳು ತಾಯಿ, ಮಾನ ತೆಗೀಬ್ಯಾಡ. ಇವತ್ತಿಂದೂ ಹಾಕ್ದಂಗೆ ನಾನೇ ಬರೆಸ್ಬುಡ್ತೀನಿ. ಎಲೆಕ್ಷನ್ನೂ ಬ್ಯಾಡ, ನಿನ್ನ ಅವಿರೋಧ ಡೈರೆಕ್ಟ್ರು ಮಾಡಾನ. ಬಾ, ಫೋಟೋಗೆ ನಿಂತ್ಕೊ.”

ಪಟ್ಟಿ ಹೋಗಲು ಐದು ಗಂಟೆ ಉಳಿದಿತ್ತು. ಬರೆಸಿಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಇಂದ್ರಮ್ಮ ಕೂತಲ್ಲಿಂದ ಅಲುಗಲಿಲ್ಲ. ಊರಿಗೆಲ್ಲ ಕೇಳುವಂತೆ ಹೇಳಿದಳು:

“ಹಾಕ್ದಂಗೆ ಬರೆಸ್ಬ್ಯಾಡಿ ವೀರಯ್ಯಣ್ಣ. ನಾಳೆ ನಿಮ್ಮ ಎದುರು ನಿಂತು ಓಟು ಕೇಳ್ಬೇಕು ನಾನು, ಆಗ ‘ಇವಳನ್ನ ನಿಲ್ಲಿಸ್ದೋನೇ ನಾನು’ ಅಂತ ಮನೆಮನೆಗೂ ಹೇಳ್ಕಂಡು ಬತ್ತೀರ. ಉಪಕಾರ ಏನೂ ಬ್ಯಾಡ. ಮಿಷನ್ ಮೇಲಿನ ಬಟ್ಟೆ ತೆಗ್ಸಿ, ನನ್ನ ಹಾಲು ತೂಗ್ಸಿ.”