ಹಳ್ಳಕ್ಕೆ ಕೊಟ್ಟ ಬಾಗಿನ

ಲಂಡನ್ನಿನ ಅಂಚಿನ ಸ್ಟ್ಯಾನ್ಮೋರಿನಿಂದ ಕಾರಿನಲ್ಲಿ ಹತ್ತು ನಿಮಿಷ ಹೋದರೆ ಆಲ್ಡರ್ ಎಂಡ್ ಎಂಬ ಹಳ್ಳಿ. ಇಪ್ಪತ್ತೆರಡು ಮನೆ, ಒಂದು ಪಬ್, ಒಂದು ಚರ್ಚ್ ಹಾಲ್, ಮನುಷ್ಯರಿಗಿಂತ ಹೆಚ್ಚು ದನ. ನಕ್ಷೆಯ ಪ್ರಕಾರ ಇದೂ ಲಂಡನ್ನೇ. ೧೯೯೩ರಲ್ಲಿ ಡಾಕ್ಟರ್ ರಾಮಪ್ರಸಾದ ಕೆಂಟನ್ನಿನ ಮನೆ ಮಾರಿ ಇಲ್ಲಿಗೆ ಬಂದಾಗ ಅವರ ಹೆಂಡತಿ ರತ್ನಾಬಾಯಿ, "ಧಾರವಾಡ ಬಿಟ್ಟು ಲಂಡನ್ನಿಗೆ ಬಂದದ್ದು ಸಗಣಿ ವಾಸನಿ ಕುಡೀಲಿಕ್ಕೇನು?" ಎಂದು ಕೇಳಿ ಒಂದು ವಾರ ಗಂಡನ ಜೊತೆ ಮಾತು ಬಿಟ್ಟಿದ್ದರು.

ಆದರೆ ಮಾತು ಬಿಟ್ಟು ಬದುಕುವ ಜೀವವಲ್ಲ ಅದು. ಎಂಟನೆಯ ದಿನ ಬೇಲಿಯಾಚೆಯ ಮುದುಕಿ ಡಾರಿಸ್ ಪೆನ್‌ಫೋಲ್ಡ್‌ಗೆ ಒಂದು ತಟ್ಟೆ ಉಪ್ಪಿಟ್ಟು ದಾಟಿಸಿದರು. ಮುದುಕಿ ಕಣ್ಣೊರೆಸಿಕೊಳ್ಳುತ್ತ, ಮೂಗೊರೆಸಿಕೊಳ್ಳುತ್ತ ಪೂರ್ತಿ ತಿಂದು, ಪ್ರತಿಯಾಗಿ ೧೯೪೭ರ ನೆರೆಯ ಕಥೆ ಹೇಳಿದರು.

ಆ ಊರಿನ ಹೆಮ್ಮೆಯೇ ಅದು. ಬೇರೆ ಊರಿನವರು ತಮ್ಮ ಕೋಟೆ, ಅರಮನೆ ತೋರಿಸುತ್ತಾರೆ; ಇವರು ಗೋಡೆಯ ಮೇಲಿನ ನೀರಿನ ಗುರುತು ತೋರಿಸುತ್ತಿದ್ದರು. ನಲವತ್ತೇಳರಲ್ಲಿ ಹಿಮ ಕರಗಿ ಬಂದ ನೀರು, ಅರವತ್ತೆಂಟರ ಸೆಪ್ಟೆಂಬರ್ ಮಳೆ, ಎಪ್ಪತ್ತೇಳರ ಆಗಸ್ಟ್ ಮಳೆ, ಎಂಬತ್ತೇಳರಲ್ಲಿ ಪಬ್ಬಿನ ಮೇಲೆ ಮರ ಕೆಡವಿದ ಬಿರುಗಾಳಿ. ಊರ ನಡುವಿನ ಹಳ್ಳ ರಸ್ತೆಯಡಿಯ ಕೊಳವೆಯೊಳಗೆ ನುಗ್ಗಿ ಆಚೆ ಹೋಗುತ್ತದೆ. ಕಸ ಒಳಗೆ ಹೋಗದಿರಲೆಂದು ಕೊಳವೆಯ ಬಾಯಿಗೆ ಕಬ್ಬಿಣದ ಜಾಲರಿ. ನೀರು ಏರುವುದು ಯಾವಾಗಲೂ ಅಲ್ಲಿಂದಲೇ. ನೆರೆ ಕಾಣದ ಹೊಸಬರಿಗೆ ಊರಲ್ಲೊಂದು ಹೆಸರಿತ್ತು: ಒಣಗಾಲಿನವರು. ಏಳು ವರ್ಷವಾದರೂ ರತ್ನಾಬಾಯಿ ಒಣಗಾಲಿನವರೇ.

ಹಾಗೆಂದು ಅವರು ಸುಮ್ಮನೆ ಕೂತವರಲ್ಲ. ಮಗಳು ಪ್ರಾಚಿ ಅರ್ಧ ಬರೆದು ಬಿಟ್ಟಿದ್ದ ಶಾಲೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಯಾವ ವರ್ಷ, ಯಾರ ಮನೆ, ಎಷ್ಟು ಎತ್ತರ ನೀರು, ಏನು ಕಾರಣ ಎಂದು ಮುದುಕರ ಬಾಯಿಂದ ಹೇಳಿಸಿ ಬರೆದುಕೊಂಡರು. ಕಾರಣದ ಜಾಗದಲ್ಲಿ ಮಾತ್ರ ಎಲ್ಲರೂ ಒಂದೇ ಉತ್ತರ ಬರೆಸಿದರು: ದೇವರ ಇಚ್ಛೆ. ಪಾಪ, ದೇವರಿಗೆ ವಕೀಲರು ಯಾರಿದ್ದಾರೆ?

೨೦೦೦ದ ಅಕ್ಟೋಬರಿನಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಶೀಗಿ ಹುಣ್ಣಿವೆಯ ದಿನ ನೋಡಿದರೆ ಹಳ್ಳ ದಂಡೆ ಮುಟ್ಟಿ ಹರಿಯುತ್ತಿದೆ. ತುಂಬಿದ ಹೊಳೆ ಕಂಡು ಬರಿಗೈಯಲ್ಲಿ ತಿರುಗಿ ಬರಲು ರತ್ನಾಬಾಯಿಗೆ ಮನಸ್ಸಾಗಲಿಲ್ಲ. ಊರಿಂದ ತಂದಿಟ್ಟುಕೊಂಡಿದ್ದ ಬಿದಿರಿನ ಮೊರದ ಜೋಡಿ ತೆಗೆದು, ಅರಿಶಿನ, ಕುಂಕುಮ, ಹಸಿರು ಬಳೆ, ಅಕ್ಕಿ, ಬೆಲ್ಲ, ರವಿಕೆ ಬಟ್ಟೆ ಇಟ್ಟು, ಮುಚ್ಚಿ ದಾರ ಸುತ್ತಿ, ಹಳ್ಳದಲ್ಲಿ ತೇಲಿಬಿಟ್ಟು ಕೈಮುಗಿದರು. ಅದು ಥೇಮ್ಸ್ ಸೇರಿ ಸಮುದ್ರಕ್ಕೆ ಹೋಗುತ್ತದೆಂದು ಅವರ ಲೆಕ್ಕ. ನಡುವೆ ಜಾಲರಿಯೊಂದಿದೆ ಎಂಬುದು ಭಕ್ತಿಯ ಭರದಲ್ಲಿ ನೆನಪಾಗಲಿಲ್ಲ.

ಎರಡು ವಾರ ಕಳೆದು, ಒಂದು ಸೋಮವಾರ ಬೆಳಗಿನ ಚಹಾದ ಹೊತ್ತಿಗೆ ನೀರು ಊರಿಗೆ ಬಂತು. ಆರು ಮನೆಗಳಲ್ಲಿ ಮೊಣಕಾಲುದ್ದ. ಡಾರಿಸ್‌ರ ಕಾರ್ಪೆಟ್ಟು, ಪಿಯಾನೋ ಎಲ್ಲ ಹೋಯಿತು. ಮುದುಕಿಯನ್ನೂ ಬೆಕ್ಕನ್ನೂ ರತ್ನಾಬಾಯಿ ತಮ್ಮ ಮನೆಗೆ ಕರೆತಂದರು. ದಿಬ್ಬದ ಮೇಲಿದ್ದ ಅವರ ಮನೆಗೆ ಹನಿ ನೀರೂ ಬಂದಿರಲಿಲ್ಲ.

ಮರುದಿನ ಊರವರೆಲ್ಲ ನಿಂತು ನೋಡುತ್ತಿರುವಾಗ ಕೆಲಸದವರು ಜಾಲರಿಯಿಂದ ಕೊಂಬೆ, ಎಲೆ ಎಲ್ಲ ಎಳೆದು ಹಾಕಿದರು. ಕೊನೆಗೆ ಬಂದದ್ದು ಬಿದಿರಿನ ಮೊರ, ಅದರ ಹೆಣಿಗೆಗೆ ಸಿಕ್ಕಿಕೊಂಡ ಒಂದು ಹಸಿರು ಬಳೆ. ಹಂದಿ ಸಾಕುವ ಮುದುಕ ಜಾರ್ಜ್ ಟಿಲ್ಲಿ ಅದನ್ನು ಅತ್ತಿತ್ತ ತಿರುಗಿಸಿ, "ಯಾರದೋ ಪಿಕ್ನಿಕ್ ಬುಟ್ಟಿ ಇರಬೇಕು" ಎಂದ. ರತ್ನಾಬಾಯಿ ತಮ್ಮ ಕೈಬಳೆಗಳನ್ನು ಸೆರಗಿನಡಿ ಮುಚ್ಚಿಕೊಂಡು ಮನೆಗೆ ನಡೆದರು.

"ಊರು ಮುಳುಗಿಸಿದೆ ನಾನು" ಎಂದು ಮನೆಯಲ್ಲಿ ಗಂಡನೆದುರು ಕೂತರು. "ಅನ್ನ ಗಂಟಲಾಗ ಹ್ಯಾಂಗ ಇಳೀಬೇಕು?"

"ಸುಮ್ನ ಕೂಡು. ಯಾರೂ ನೋಡಿಲ್ಲ, ಯಾರೂ ಕೇಳಂಗಿಲ್ಲ" ಎಂದರು ಡಾಕ್ಟರು.

"ಮಮ್, ಪ್ಲೀಸ್, ಡೋಂಟ್ ಟೆಲ್ ಎನಿವನ್" ಎಂದಳು ಪ್ರಾಚಿ.

ಹೇಳಿದರೆ ಏಳು ವರ್ಷದಲ್ಲಿ ಸಂಪಾದಿಸಿದ ಊರು ಕೈಬಿಟ್ಟು ಹೋಗುತ್ತದೆ. ಹೇಳದಿದ್ದರೆ ದಿನಾ ಬೆಳಗ್ಗೆ ಡಾರಿಸ್‌ರ ಮುಖ ನೋಡಬೇಕು. ಮುದುಕಿ ಬೇರೆ ಇವರ ಅಡುಗೆಮನೆಯಲ್ಲೇ ಕೂತು ಚಪಾತಿ ತಿನ್ನುತ್ತಿದ್ದರು.

ಶುಕ್ರವಾರ ಸಂಜೆ ಹಾಲ್‌ನಲ್ಲಿ ಊರ ಸಭೆ. ನೆರೆಯ ಚರಿತ್ರೆ ಇರುವುದು ನಿಮ್ಮೊಬ್ಬರ ನೋಟ್‌ಬುಕ್ಕಿನಲ್ಲಿ, ಓದಿ ಎಂದರು ಊರವರು. ರತ್ನಾಬಾಯಿ ನಿಂತು ನಲವತ್ತೇಳು, ಅರವತ್ತೆಂಟು, ಎಪ್ಪತ್ತೇಳು ಓದಿದರು. ಕಾರಣ, ದೇವರ ಇಚ್ಛೆ. ಆಮೇಲೆ ಪುಟ ತಿರುವಿದರು. "ಎರಡು ಸಾವಿರ. ಕಾರಣ, ನಾನು. ಆ ಬುಟ್ಟಿ ನನ್ನದು. ನನ್ನನ್ನು ಕ್ಷಮಿಸಿ."

ರಾಮಪ್ರಸಾದರು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

ಆಗ ಜಾರ್ಜ್ ಟಿಲ್ಲಿ ಕೆಮ್ಮಿದ. "ಎಪ್ಪತ್ತೇಳರದ್ದೂ ತಿದ್ದಿಕೊಳ್ಳಿ. ಕೋಳಿಗೂಡಿನ ಹಳೇ ಛಾವಣಿ ಹಳ್ಳಕ್ಕೆ ನೂಕಿದ್ದೆ. ಅದೇ ಹೋಗಿ ಸಿಕ್ಕಿಕೊಂಡದ್ದು." ಪಬ್ಬಿನವನು ಕಿವಿ ಕೆಂಪಗೆ ಮಾಡಿಕೊಂಡು, ಈ ಸಲದ ಕೊಂಬೆಗಳಲ್ಲಿ ಅರ್ಧ ತನ್ನ ತೋಟದ್ದೇ ಎಂದ. ದೇವರ ಮೇಲಿದ್ದ ಆಪಾದನೆಗಳು ಒಂದೊಂದಾಗಿ ಕಳಚತೊಡಗಿದವು, ಜನ ನಗತೊಡಗಿದರು.

ಡಾರಿಸ್ ಮಾತ್ರ ನಗಲಿಲ್ಲ. ಕೋಲೂರಿ ಎದ್ದರು. "ಅರವತ್ತೆಂಟರದ್ದು ನಮ್ಮ ಹಾಸಿಗೆ. ನನ್ನ ಗಂಡ ಅದನ್ನು ಹಳ್ಳಕ್ಕೆ ಹಾಕಿದ. ಜಾರ್ಜ್, ನಿನ್ನ ಎರಡು ಹಂದಿ ಸತ್ತವು. ಮೂವತ್ತೆರಡು ವರ್ಷದಿಂದ ನಿನಗೆ ಹೇಳಬೇಕು ಹೇಳಬೇಕು ಅಂತಲೇ ಇದ್ದೆ."

"ಗೊತ್ತಿತ್ತು ಡಾರಿಸ್" ಎಂದ ಜಾರ್ಜ್. "ಹಾಸಿಗೆ ಎಳೆದು ತೆಗೆದವನು ನಾನೇ ಅಲ್ಲವಾ? ಮರುವಾರ ಎರಡು ಮರಿ ತಂದು ಕಟ್ಟಿ ಹೋದವನು ನಿನ್ನ ಗಂಡ. ಮತ್ತೆ ಹೇಳೋದೇನಿತ್ತು?"

ಮುದುಕಿ ಕುರ್ಚಿಗೆ ಕುಸಿದು ಕೂತು, ಅಳುತ್ತ ನಗುತ್ತ ರತ್ನಾಬಾಯಿಯ ಕೈ ಹಿಡಿದುಕೊಂಡರು. ಅದೇ ಸಭೆಯಲ್ಲಿ ಜಾಲರಿ ತೆಗೆದು ತೊಳೆಯಲು ವಾರಕ್ಕೊಂದು ಮನೆಯ ಪಾಳಿ ಗೊತ್ತಾಯಿತು. ಮೊದಲ ಪಾಳಿ ರತ್ನಾಬಾಯಿ ಹಟ ಮಾಡಿ ತಾವೇ ತೆಗೆದುಕೊಂಡರು.

ಭಾನುವಾರ ಸೀರೆಯ ಮೇಲೆ ಗಂಡನ ರೇನ್‌ಕೋಟು, ಕಾಲಿಗೆ ಮಗಳ ವೆಲ್ಲಿಂಗ್ಟನ್ ಬೂಟು ಹಾಕಿಕೊಂಡು ಅವರು ಹಳ್ಳಕ್ಕೆ ಹೋದಾಗ, ಜಾರ್ಜ್ ಆಗಲೇ ನೀರಿಗಿಳಿದಿದ್ದ. ಡಾರಿಸ್ ದಂಡೆಯ ಮೇಲೆ ಛತ್ರಿ ಹಿಡಿದು ಅವನಿಗೆ ಅಪ್ಪಣೆ ಕೊಡುತ್ತಿದ್ದರು.

"ಅಂದಹಾಗೆ, ಬುಟ್ಟಿಯಲ್ಲಿ ಏನಿತ್ತು?" ಎಂದು ಕೇಳಿದರು ಡಾರಿಸ್.

ಬಳೆ, ಬೆಲ್ಲ, ಬಟ್ಟೆ ಎಂದರು ರತ್ನಾಬಾಯಿ. ಮನೆ ಮಗಳಿಗೆ ಕೊಡುವ ಹಾಗೆ ತುಂಬಿದ ಹೊಳೆಗೆ ಕೊಡುತ್ತೇವೆ ಎಂದರು.

ಡಾರಿಸ್ ಕೋಲಿನಿಂದ ಹಳ್ಳವನ್ನು ತೋರಿಸಿದರು. "ಎಂಬತ್ತೊಂದು ವರ್ಷ ಇದರ ಪಕ್ಕದಲ್ಲೇ ಬದುಕಿದೆ. ಎಲ್ಲರೂ ಇದಕ್ಕೆ ಬೇಡದ್ದನ್ನೇ ಎಸೆದೆವು. ಕೊಟ್ಟವಳು ನೀನೊಬ್ಬಳೇ."

ರತ್ನಾಬಾಯಿ ಮೂಗೊರೆಸಿಕೊಂಡು ನೀರಿಗಿಳಿದರು. ಬೂಟಿನೊಳಗೆ ತಣ್ಣನೆ ನೀರು ನುಗ್ಗಿ ಏಳು ವರ್ಷದ ಒಣಗಾಲು ಪೂರಾ ನೆನೆಯಿತು.