ಮುಯ್ಯಿ ತೀರಿದ ಮೇಲೆ

ಹೊಸಬಾಳೆಯ ನಮ್ಮ ಗದ್ದೆ ಬಯಲು ನೋಡಲಿಕ್ಕೆ ಸಿಂಗಪುರದಿಂದ ಜನ ಬಂದಿದ್ದರು ಎಂದರೆ ಈಗ ಯಾರೂ ನಂಬುವುದಿಲ್ಲ. ನಾನೇ ಒಮ್ಮೊಮ್ಮೆ ನಂಬುವುದಿಲ್ಲ. ಆದರೆ ಬಂದಿದ್ದರು. ಇಬ್ಬರು ಗಂಡಸರು, ಒಬ್ಬ ಹೆಂಗಸು. ಹೊಸ ಗಮ್‌ಬೂಟು ಹಾಕಿಕೊಂಡು ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ಸರ್ಕಸ್ ಮಾಡುತ್ತ ನಡೆದರು. ನಾವು ಹೆಂಗಸರೆಲ್ಲ ಕೆಸರಿನಲ್ಲಿ ಬಗ್ಗಿಕೊಂಡೇ ನಕ್ಕೆವು. ನಾವು ನಕ್ಕದ್ದನ್ನೂ ಅವರು ಫೋಟೋ ತೆಗೆದುಕೊಂಡರು.

ಅವರನ್ನು ಕರೆತಂದಿದ್ದು ಕಂಪನಿಯ ಹುಡುಗಿ. ನಾಟಿ ಯಂತ್ರವನ್ನು ಮೊಬೈಲಿನಲ್ಲೇ ಬಾಡಿಗೆಗೆ ಕರೆಸಿಕೊಳ್ಳುವ ಆ್ಯಪ್ ಒಂದನ್ನು ಬೆಂಗಳೂರಿನ ಯಾರೋ ಹುಡುಗರು ಶುರು ಮಾಡಿದ್ದರು. ಶಿಕಾರಿಪುರ, ಸೊರಬ ಎರಡೂ ತಾಲೂಕಿಗೆ ಈ ಹುಡುಗಿಯೇ ಅವರ ಪ್ರತಿನಿಧಿ. ಸ್ಕೂಟಿಯಲ್ಲಿ ಊರೂರು ಸುತ್ತಿ ಜನರ ಮೊಬೈಲಿಗೆ ಆ್ಯಪ್ ಹಾಕಿಸುವುದು, ಬೆಳೆಯ ಫೋಟೋ ತೆಗೆದು ಕಂಪನಿಗೆ ಕಳಿಸುವುದು ಅವಳ ಕೆಲಸ. ನಮ್ಮನೆಗೆ ಬಂದ ಮೊದಲ ದಿನ ನಾನು ಅವಳನ್ನು ಜಗಲಿಯಲ್ಲೇ ನಿಲ್ಲಿಸಿ ಮಾತಾಡಿಸಿದ್ದೆ. "ಯಾವೂರು?" ಎಂದು ಕೇಳಿದ್ದಕ್ಕೆ, "ಶಿಕಾರಿಪುರ ರೀ ಅಕ್ಕಾ" ಎಂದಳು. ಅಷ್ಟೇ. ನನ್ನ ತವರೂ ಶಿಕಾರಿಪುರ. ಅವಳಪ್ಪನ ಹಿಟ್ಟಿನ ಗಿರಣಿಯಲ್ಲೇ ನಮ್ಮಮ್ಮ ಜೋಳ ಬೀಸಿಸುತ್ತಿದ್ದುದು. ಆಮೇಲೆ ಅವಳು ಏನು ಹೇಳಿದರೂ ನಾನು ಅಡ್ಡ ಮಾತಾಡಲಿಲ್ಲ. ತವರಿನ ಕಡೆಯವರು ಎಂದರೆ ಹೆಂಗಸರಿಗೆ ಕಣ್ಣು ಸ್ವಲ್ಪ ಮಂಜಾಗುತ್ತದೆ, ಏನು ಮಾಡುವುದು.

ಮೊದಲ ವರ್ಷ ಬಾಡಿಗೆ ಕೇಳಿದರೆ ನಗು ಬರಬೇಕು, ಅಷ್ಟು ಕಡಿಮೆ. ಡೀಸೆಲಿಗೂ ಸಾಲದು. "ಇಷ್ಟಕ್ಕೆ ಹೇಗೆ ಪೂರೈಸುತ್ತದೆ ನಿಮಗೆ?" ಎಂದು ನಮ್ಮನೆಯವರು ಕೇಳಿದರು. ಅವರು ಸೊರಬದ ಗೊಬ್ಬರದಂಗಡಿಯಲ್ಲಿ ಕೆಲಸ ಮಾಡುವವರು, ಅಸಲು ಲಾಭ ಗೊತ್ತಿರುವ ಮನುಷ್ಯ. ಹುಡುಗಿ ಹೇಳಿದಳು, "ಪೂರೈಸಂಗಿಲ್ಲ ರೀ ಅಣ್ಣಾ. ರೊಕ್ಕ ಹಾಕೋರು ಬ್ಯಾರೆ ಅದಾರೆ. ಸಿಂಗಪುರ, ಜಪಾನಿನೋರು. ಅವ್ರಿಗೆ ಈಗ ಲಾಭ ಬೇಕಿಲ್ಲ, ಎಷ್ಟು ಮಂದಿ ಸೇರಿದ್ರು ಅನ್ನೋದು ಬೇಕು." ವಿಯೆಟ್ನಾಂ, ಇಂಡೋನೇಷ್ಯಾದ ಭತ್ತದ ಬಯಲುಗಳಲ್ಲೂ ಹೀಗೇ ಆ್ಯಪ್‌ಗಳು ಬಂದಿವೆ, ಇನ್ನು ಮುಂದೆ ಏಷ್ಯಾದ ದುಡ್ಡೆಲ್ಲ ಗದ್ದೆಗೇ ಹರಿಯುವುದು ಎಂದೂ ಹೇಳಿದಳು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ನಮಗೇನು, ನಾವೂ ಹೊರಟೆವು.

ಇಲ್ಲಿ ಮುಯ್ಯಾಳಿನ ವಿಷಯ ಹೇಳಬೇಕು. ಇವತ್ತು ನಾನು ನಿನ್ನ ಗದ್ದೆಗೆ ಬಂದರೆ ನಾಳೆ ನೀನು ನನ್ನ ಗದ್ದೆಗೆ ಬರಬೇಕು, ಕೂಲಿ ಕೊಡುವ ಹಾಗಿಲ್ಲ, ಊಟ ಮಾತ್ರ ಹಾಕಬೇಕು. ಇದು ನಮ್ಮ ಕಡೆಯ ಪದ್ಧತಿ. ನಮ್ಮ ಬಯಲಿನಲ್ಲಿ ಹೆಂಗಸರದೊಂದು ಗುಂಪಿತ್ತು. ಅದರ ಯಜಮಾನಿ ನಮ್ಮ ಪಕ್ಕದ ಗದ್ದೆಯವರು. ಊರಿಗೆಲ್ಲ ಅವರು ದೊಡ್ಡಕ್ಕ. ನಾನು ಮದುವೆಯಾಗಿ ಬಂದಾಗ ನನಗೆ ಸಸಿ ನೆಡಲು ಬರುತ್ತಿರಲಿಲ್ಲ. ನಮ್ಮದು ಜೋಳದ ಕಡೆ. ನಾನು ನೆಟ್ಟ ಸಸಿಯೆಲ್ಲ ಸಂಜೆಯ ಹೊತ್ತಿಗೆ ನೀರಿನ ಮೇಲೆ ತೇಲುತ್ತಿತ್ತು. ದೊಡ್ಡಕ್ಕ ನನ್ನ ಹಿಂದೆಯೇ ಬಂದು ಅದನ್ನೆಲ್ಲ ಮತ್ತೆ ಊರುತ್ತ, "ಶಿಕಾರಿಪುರದೋಳು ಸಸಿಗೆ ಈಜು ಕಲಿಸ್ತಾಳೆ ನೋಡ್ರೇ" ಎಂದು ಬಯಲಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಬೆರಳು ಹೇಗೆ ಇಡಬೇಕು ಎಂದು ಕೈ ಹಿಡಿದು ತೋರಿಸಿದವರೂ ಅವರೇ.

ಈ ಮುಯ್ಯಿಯಲ್ಲಿ ಒಂದು ಕಟ್ಟಳೆ ಇತ್ತು. ಲೆಕ್ಕವನ್ನು ಪೂರ್ತಿ ತೀರಿಸಬಾರದು. ವರ್ಷದ ಕೊನೆಗೆ ಯಾರದಾದರೂ ಮೇಲೆ ಒಂದಾಳು, ಎಂದರೆ ಒಂದು ದಿನದ ಕೆಲಸ, ಉಳಿದಿರಲೇಬೇಕು. "ಉಳೀಲಿ ಬಿಡೇ, ಮುಂದಿನ ವರ್ಷ ಬಪ್ಪದಕ್ಕೆ ಒಂದು ನೆಪ ಬ್ಯಾಡ್ವಾ?" ಎನ್ನುತ್ತಿದ್ದರು ದೊಡ್ಡಕ್ಕ. ಅವರದೊಂದು ಆಳು ನನ್ನ ಮೇಲೆ ಯಾವ ಕಾಲದಿಂದಲೋ ಉಳಿದುಕೊಂಡೇ ಬಂದಿತ್ತು. ನಾನು ಒಂದು ತೀರಿಸಿದರೆ ಅವರು ಇನ್ನೊಂದು ಹೊರಿಸುತ್ತಿದ್ದರು.

ಸಿಂಗಪುರದವರಿಗೆ ಗದ್ದೆಗಿಂತ, ಯಂತ್ರಕ್ಕಿಂತ, ಈ ಮುಯ್ಯಿಯೇ ಬಹಳ ಹಿಡಿಸಿಬಿಟ್ಟಿತು. ದುಡ್ಡಿಲ್ಲದೆ ಇಷ್ಟು ಜನ ಹೇಗೆ ಬರುತ್ತಾರೆ, ಬರದಿದ್ದರೆ ಏನು ದಂಡ, ಲೆಕ್ಕ ಎಲ್ಲಿ ಇಡುತ್ತೀರಿ ಎಂದು ಕೇಳಿದ್ದೇ ಕೇಳಿದ್ದು. ಹುಡುಗಿ ನಮ್ಮ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಅವರು ಹೋದ ಮೇಲೆ ಅವಳು ಹಿಗ್ಗಿನಿಂದ ಓಡಿ ಬಂದಳು. ಮುಯ್ಯಿಯನ್ನೂ ಆ್ಯಪ್‌ಗೆ ಸೇರಿಸುತ್ತಾರಂತೆ. ಯಂತ್ರ ಹೋಗದ ಕಡೆಗೆ ಮುಯ್ಯಾಳುಗಳನ್ನು ಮೊಬೈಲೇ ಹೊಂದಿಸಿ ಕೊಡುತ್ತದಂತೆ. ಆದರೆ ಶುರು ಮಾಡುವಾಗ ಎಲ್ಲರದೂ ಸೊನ್ನೆಯಿಂದ ಶುರುವಾಗಬೇಕು, ಹಳೆಯ ಬಾಕಿ ಇರಬಾರದು.

ನಾವು ತಲೆಯಾಡಿಸಿದೆವು. ದೊಡ್ಡಕ್ಕನ ಮನೆಯ ಜಗಲಿಯಲ್ಲಿ ಸೇರಿ, ನನ್ನದು ಅವಳಿಗೆ, ಅವಳದು ಇವಳಿಗೆ ಎಂದು ಹೊಡೆದು ಹಾಕಿದೆವು. ಇಪ್ಪತ್ತು ವರ್ಷ ಇಲ್ಲದ ಜಗಳ ಅವತ್ತು ಬಂತು. ಅರ್ಧ ದಿನಕ್ಕೆ ಎದ್ದು ಹೋದವಳು ಯಾರು, ಬಾಣಂತಿಯಾಗಿದ್ದಾಗ ಬದಲಿಗೆ ಕಳಿಸಿದ ನಾದಿನಿಯನ್ನು ಪೂರ್ತಿ ಆಳು ಎಂದು ಹಿಡಿಯಬೇಕೋ ಬೇಡವೋ, ಎಲ್ಲ ಹೊರಗೆ ಬಿತ್ತು. ದೊಡ್ಡಕ್ಕ ಕಂಬಕ್ಕೊರಗಿ ಎಲೆಯಡಿಕೆ ಹಾಕಿಕೊಳ್ಳುತ್ತ, "ಪೂರಾ ತೀರಿಸ್‌ಬ್ಯಾಡ್ರೇ" ಎಂದು ಎರಡು ಸಲ ಹೇಳಿದರು. ನಾವು ಕೇಳಲಿಲ್ಲ. ಅವರೂ ಮೂರನೇ ಸಲ ಹೇಳಲಿಲ್ಲ. ಉಳಿದ ಆಳುಗಳನ್ನು ಕಳೆ ಕೀಳುವ ಕೆಲಸದಲ್ಲಿ ತೀರಿಸಿಕೊಂಡೆವು. ನಾನೂ ಹೋಗಿ ದೊಡ್ಡಕ್ಕನ ಗದ್ದೆಯಲ್ಲಿ ಒಂದು ಹಗಲು ಕಳೆ ಕಿತ್ತು ಬಂದೆ. ಬರುವಾಗ ಮೈ ಹಗುರಾಗಿತ್ತು ಎಂದು ನೆನಪು.

ಮುಯ್ಯಿ ಆ್ಯಪ್‌ಗೆ ಬರಲೇ ಇಲ್ಲ. ಕೇಳಿದಾಗಲೆಲ್ಲ "ಮುಂದಿನ ಅಪ್‌ಡೇಟ್‌ನಾಗೆ ಬರ್ತೈತ್ರಿ" ಎನ್ನುತ್ತಿದ್ದಳು ಹುಡುಗಿ. ನಮಗೂ ಅದು ಬೇಕಾಗಿರಲಿಲ್ಲ, ಯಂತ್ರವೇ ಬರುತ್ತಿತ್ತಲ್ಲ. ಬೇಕಾಗಿದ್ದು ದೊಡ್ಡಕ್ಕನೊಬ್ಬರಿಗೆ. ಅವರ ಗದ್ದೆಗೆ ದಾರಿಯಿಲ್ಲ, ಮೂರು ಮಂದಿಯ ಗದ್ದೆ ದಾಟಿ ಹೋಗಬೇಕು. ನೆಟ್ಟ ಗದ್ದೆಯ ಮೇಲೆ ಯಂತ್ರ ಹಾಯಿಸಲು ಯಾರು ಬಿಡುತ್ತಾರೆ? ಅವರ ಸರ್ವೆ ನಂಬರ್ ಹಾಕಿದರೆ ಮೊಬೈಲಿನಲ್ಲಿ ಕೆಂಪು ಗೆರೆ ಬರುತ್ತಿತ್ತು. ಮೊದಲ ವರ್ಷ, ಲೆಕ್ಕ ತೀರಿಸುವ ಮುಂಚೆ, ನಾವು ಮೂವರು ಹೋಗಿ ನೆಟ್ಟುಕೊಟ್ಟಿದ್ದೆವು. ಎರಡನೆಯ ವರ್ಷ ಅವಳು ಹೋಗುತ್ತಾಳೆ ಎಂದು ಇವಳು, ಇವಳು ಹೋಗುತ್ತಾಳೆ ಎಂದು ಅವಳು, ಕಡೆಗೆ ಯಾರೂ ಹೋಗಲಿಲ್ಲ. ಯಾರ ಮೇಲೂ ಯಾರದೂ ಬಾಕಿ ಇರಲಿಲ್ಲ ನೋಡಿ. ಅವರ ಗದ್ದೆ ಆ ವರ್ಷ ಬೀಳು ಬಿತ್ತು. ಬೇಸಿಗೆಯಲ್ಲಿ ಶುಂಠಿ ಬೆಳೆಯುವವರು ಬಂದು ಕೇಳಿದರು, ದೊಡ್ಡಕ್ಕ ಗೇಣಿಗೆ ಕೊಟ್ಟುಬಿಟ್ಟರು. ಭತ್ತದ ಗದ್ದೆಯನ್ನು ಬಗೆದು ಆಳದ ಕಾಲುವೆ ಹೊಡೆದು ಶುಂಠಿ ಮಡಿ ಎಬ್ಬಿಸಿದರು. ನಾವು ಬದುವಿನ ಮೇಲೆ ನಿಂತು ನೋಡಿದೆವು. ನೋಡುವುದು ಬಿಟ್ಟು ಬೇರೆ ಏನೂ ತೋಚಲಿಲ್ಲ.

ಮೂರನೆಯ ವರ್ಷ ಮಳೆ ಹಿಡಿಯುವ ಮುಂಚೆಯೇ ಮೊಬೈಲಿಗೆ ಸಂದೇಶ ಬಂತು, ಟ್ರೇಗಳಲ್ಲಿ ಬೀಜ ಹಾಕಿ ಎಂದು. ಹಾಕಿದೆವು. ಯಂತ್ರದ ಸಸಿಯೇ ಬೇರೆ. ಒಂದು ಗೇಣು ಕೂಡ ಇರುವುದಿಲ್ಲ, ಚಾಪೆಯ ಹಾಗೆ ಒತ್ತಾಗಿ ಹುಟ್ಟಿರುತ್ತದೆ, ಎಳೆಯದರಲ್ಲೇ ನೆಟ್ಟುಬಿಡಬೇಕು. ಹಳೆಯ ಕ್ರಮದ ಸಸಿಮಡಿಯಾದರೆ ನಾಲ್ಕು ದಿನ ಹಿಂದೆ ಮುಂದೆ ಆದರೂ ತಡೆಯುತ್ತದೆ, ಇದು ತಡೆಯುವುದಿಲ್ಲ. ನಮ್ಮ ಅಂಗಳದ ತುಂಬ ಟ್ರೇಗಳು ಹಸಿರಾಗಿ ನಿಂತವು. ಗದ್ದೆ ಉತ್ತು ಹದ ಮಾಡಿಸಿ, ಯಂತ್ರಕ್ಕೆ ದಿನ ಗೊತ್ತು ಮಾಡಲು ಆ್ಯಪ್ ತೆರೆದರೆ ಒಂದೇ ಸಾಲು: "ನಿಮ್ಮ ಪ್ರದೇಶದಲ್ಲಿ ಸೇವೆ ಲಭ್ಯವಿಲ್ಲ." ನಿನ್ನೆಯವರೆಗೆ ಇದ್ದ ಪ್ರದೇಶವೇ, ನಾವೇನು ಎದ್ದು ಎಲ್ಲಿಗೂ ಹೋಗಿರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ಸಂಗೀತ ಬರುತ್ತಿತ್ತು. ಹುಡುಗಿಯ ಫೋನು ಸ್ವಿಚ್ ಆಫ್. ಸೊರಬದಲ್ಲಿ ನಿಲ್ಲಿಸಿದ್ದ ಯಂತ್ರಗಳನ್ನು ಲಾರಿಗೆ ಏರಿಸಿಕೊಂಡು ಹೋದರು ಎಂದು ನಮ್ಮನೆಯವರು ಸಂಜೆ ಬಂದು ಹೇಳಿದರು.

ಮಾರನೆಯ ಬೆಳಿಗ್ಗೆ ನಾನು ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋದೆ. ಅವಳನ್ನು ಹಿಡಿದು ಕೇಳಬೇಕು, ತವರಿನವಳಾಗಿ ಹೀಗೆ ಮಾಡಿದೆಯಲ್ಲ ಎಂದು ನಾಲ್ಕು ಜನರ ಎದುರು ಮುಖಕ್ಕೆ ಹೊಡೆದ ಹಾಗೆ ಬಯ್ಯಬೇಕು ಎಂದು ಶಿರಾಳಕೊಪ್ಪ ದಾಟುವವರೆಗೂ ಮಾತು ಜೋಡಿಸಿಕೊಂಡೆ. ಗಿರಣಿಗೆ ಹೋದರೆ ಅವಳೇ ಬೀಸುತ್ತಿದ್ದಾಳೆ. ಹುಬ್ಬು, ರೆಪ್ಪೆ, ಕಿವಿಯೆಲ್ಲ ಹಿಟ್ಟು. ನನ್ನನ್ನು ನೋಡಿದವಳೇ ಯಂತ್ರ ನಿಲ್ಲಿಸಿದಳು. ಕಣ್ಣಿನಲ್ಲಿ ನೀರು ಬಂದು ಹಿಟ್ಟಿನ ಮೇಲೆ ಗೆರೆ ಎಳೆಯಿತು.

"ನಂಗೂ ಮೆಸೇಜ್‌ನಾಗೇ ಗೊತ್ತಾತು ರೀ ಅಕ್ಕಾ. ಇವತ್ತಿಂದ ಬರಬ್ಯಾಡ ಅಂತ ಹಾಕಿದ್ರು. ನಿಮಗೆಲ್ಲ ಯಾವ ಮುಖ ಇಟ್ಕಂಡು ಫೋನ್ ಎತ್ಲಿ?"

"ಯಾಕೇ, ಏನಾಯ್ತು ಅವರಿಗೆ? ನಷ್ಟವಾಯಿತೇ?"

"ನಷ್ಟ ಮೊದ್ಲಿಂದ ಇತ್ತಲ್ರೀ, ಅದಕ್ಕೆ ಯಾರೂ ಅಂಜಿರಲಿಲ್ಲ. ರೊಕ್ಕ ಹಾಕೋರ ಮನಸ್ಸು ತಿರುಗೈತಿ. ಈಗ ಏಷ್ಯಾದಾಗೆಲ್ಲ ಎಐ ಅಂದ್ರೆ ಮಾತ್ರ ರೊಕ್ಕ. ಡೀಸೆಲ್ಲು, ಡ್ರೈವರ್ರು, ಗಾಲಿ ಇರೋದು ಯಾವುದೂ ಬ್ಯಾಡಂತ್ರಿ, ಅದೆಲ್ಲ ಭಾರ ಅಂತ."

"ಹಾಗಾದರೆ ಕಂಪನಿ ಮುಚ್ಚಿತೇ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಮುಚ್ಚಿರಲಿಲ್ಲ. ಎರಡು ವರ್ಷ ನಮ್ಮ ಗದ್ದೆಗಳ ಫೋಟೋ ತೆಗೆದುಕೊಂಡಿದ್ದರಲ್ಲ, ಅದನ್ನೇ ಕಂಪ್ಯೂಟರಿಗೆ ಕಲಿಸಿ, ಬೆಳೆ ನೋಡಿ ರೋಗ ಹೇಳುವ ಹೊಸ ಕಂಪನಿ ಮಾಡಿಕೊಂಡಿದ್ದರು. ಅದಕ್ಕೆ ಮತ್ತೆ ಅದೇ ಸಿಂಗಪುರದವರು ದುಡ್ಡು ಹಾಕಿದ್ದರು. ನಮ್ಮ ಫೋಟೋ ಉಳಿಯಿತು, ನಮ್ಮ ನಾಟಿ ಉಳಿಯಲಿಲ್ಲ. ಬಯ್ಯಲು ಜೋಡಿಸಿಕೊಂಡು ಹೋದ ಮಾತೆಲ್ಲ ನನ್ನ ಬಾಯಲ್ಲೇ ಕರಗಿತು. ಸಿಂಗಪುರದವರನ್ನು ಬಯ್ಯಲು ಯಾವ ಬಸ್ಸು ಹತ್ತಬೇಕು? ಅವರು ಕೆಟ್ಟವರೆಂದೂ ನನಗೆ ಅನಿಸಲಿಲ್ಲ, ಅವರಿಗೆ ನಮ್ಮ ಮೇಲೆ ಸಿಟ್ಟೂ ಇರಲಿಲ್ಲ, ಅದೇ ದೊಡ್ಡ ಸಂಕಟ. ಹುಡುಗಿಯ ಅಪ್ಪ ಮಂಡಕ್ಕಿ ಮಿರ್ಚಿ ತರಿಸಿದರು. ಅವಳ ಬೆನ್ನು ಸವರಿ ವಾಪಸು ಬಂದೆ.

ಬಂದು ಮನೆ ಮನೆಗೆ ತಿರುಗಿದೆ. ಹಳೆಯ ಗುಂಪಿನವರಿಗೆಲ್ಲ ಅವರವರ ಅಂಗಳದಲ್ಲೇ ಟ್ರೇಗಳಿದ್ದವು. "ನಂದು ಮುಗೀಲಿ ಮಾರಾಯ್ತಿ, ಆಮೇಲೆ ನೋಡನ" ಎಂದರು. ಮೊದಲಾದರೆ ಯಾರ ಗದ್ದೆ ಮೊದಲು, ಯಾರದು ಆಮೇಲೆ ಎಂದು ದೊಡ್ಡಕ್ಕ ಹೇಳುತ್ತಿದ್ದರು, ಬಾಕಿ ಇದ್ದವರು ಬರಲೇಬೇಕಿತ್ತು. ಈಗ ಯಾರನ್ನೂ ಬಾ ಎನ್ನುವ ಹಕ್ಕು ಯಾರಿಗೂ ಇರಲಿಲ್ಲ. ಕೂಲಿಗೆ ಹೋಗುವವರೆಲ್ಲ ಬೆಳಗಾದರೆ ಟೆಂಪೋ ಹತ್ತಿ ಶುಂಠಿ ಕೆಲಸಕ್ಕೆ ಹೋಗುತ್ತಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾನು, ನಮ್ಮನೆಯವರು ಇಬ್ಬರೇ ಇಳಿದೆವು. ಅಷ್ಟು ಸಣ್ಣ ಸಸಿ ಬೆರಳಿಗೆ ಸಿಗುವುದಿಲ್ಲ, ಸಿಕ್ಕರೂ ನೀರಿನಲ್ಲಿ ಮುಳುಗುತ್ತದೆ. ಅಂಗಳದ ಟ್ರೇಗಳು ತುದಿಯಿಂದ ಹಳದಿಯಾಗುತ್ತ ಬಂದವು. ದಿನಾ ಬೆಳಿಗ್ಗೆ ಬಾಗಿಲು ತೆಗೆದರೆ ಅವೇ ಎದುರಿಗೆ. ನೀರು ಚಿಮುಕಿಸುವುದು ಬಿಟ್ಟು ನನ್ನ ಕೈಯಲ್ಲಿ ಏನೂ ಆಗುತ್ತಿರಲಿಲ್ಲ.

ಅರ್ಧ ಗದ್ದೆ ಕೂಡ ಆಗಿರಲಿಲ್ಲ, ಒಂದು ಬೆಳಿಗ್ಗೆ ದೊಡ್ಡಕ್ಕ ಬಂದು ಬದುವಿನ ಮೇಲೆ ನಿಂತರು. ನಾನು ಕರೆದಿರಲಿಲ್ಲ. ಕರೆಯುವ ಮುಖ ಇರಲಿಲ್ಲ. "ಏಯ್ ಶಿಕಾರಿಪುರದೋಳೇ, ನೀರು ಬಿಟ್ಟು ತಗ್ಗಿಸು ಮೊದ್ಲು. ಎಳೇ ಕೂಸನ್ನ ಹೊಳಿಗೆ ಹಾಕ್ತೀಯಾ?" ಎಂದವರೇ ಸೀರೆ ಎತ್ತಿ ಕಟ್ಟಿ ಇಳಿದರು. ಅವರ ಕೈ ಬಿದ್ದ ಮೇಲೆ ಗದ್ದೆ ಸಾಗಿತು. ಮಧ್ಯಾಹ್ನ ಅಕ್ಕಿರೊಟ್ಟಿ, ಮಾವಿನಕಾಯಿ ಉಪ್ಪಿನಕಾಯಿ, ಮಜ್ಜಿಗೆ ಒಯ್ದೆ. ಹಿಂದಿನ ಹಾಗೇ ಬದುವಿನ ಮೇಲೆ ಕೂತು ತಿಂದೆವು. ಅಷ್ಟು ದಿನದಲ್ಲಿ ಮೊದಲ ಸಲ ನಾನು ಹೊಟ್ಟೆ ತುಂಬ ಉಂಡಿದ್ದು ಅವತ್ತು. ಸಂಜೆಯ ಹೊತ್ತಿಗೆ ಮನೆಯ ಹತ್ತಿರದ ದೊಡ್ಡ ಗದ್ದೆ ಹಸಿರಾಯಿತು. ಉಳಿದ ಟ್ರೇಗಳು ಎಮ್ಮೆಗೆ ಹೋಗುವುದೇ ಸೈ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಉಣ್ಣುವಷ್ಟು ಭತ್ತ ಬಂದೀತು.

ಕಾಲು ತೊಳೆಯುತ್ತಿದ್ದ ಅವರಿಗೆ ನಾನು ಖುಷಿಯಲ್ಲಿ ಹೇಳಿಬಿಟ್ಟೆ, "ದೊಡ್ಡಕ್ಕಾ, ನಿಮ್ಮದೊಂದು ಆಳು ನನ್ನ ಮೇಲಿರಲಿ. ಮತ್ತೆ ಶುರುವಾಗಲಿ."

ಅವರು ನನ್ನನ್ನು ನೋಡಲಿಲ್ಲ. ತಮ್ಮ ಗದ್ದೆಯ ಕಡೆ ನೋಡಿದರು. ಸಾಲು ಸಾಲು ಶುಂಠಿ ಮಡಿ.

"ಎಲ್ಲಿ ತೀರಿಸ್ತೀಯೇ? ನಂಗೆ ಗದ್ದೆ ಎಲ್ಲಿದ್ದು ಈಗ?" ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. "ಕೂಲಿನೇ ಕೊಡು. ನಾಳಿಂದ ನಾನೂ ಟೆಂಪೋಕ್ಕೆ ಹೇಳಿದೀನಿ."

ನಾನು ಮನೆಗೆ ಹೋಗಿ ದುಡ್ಡು ತಂದು ಎರಡೂ ಕೈಯಲ್ಲಿ ಕೊಟ್ಟೆ. ಅವರು ತೆಗೆದುಕೊಂಡರು, ಅದರಲ್ಲಿ ಒಂದು ನೋಟು ಎಳೆದು ನನಗೇ ವಾಪಸು ಹಿಡಿದರು.

"ಇದೆಂತಕ್ಕೆ ದೊಡ್ಡಕ್ಕಾ?"

"ಊಟ ಹಾಕ್ದೆಯಲ್ಲೇ. ಊಟ ಹಾಕಿದ್ರೆ ಕೂಲಿ ಕಮ್ಮಿ."

ಟೆಂಪೋದವರ ನಿಯಮ ಅದು. ನ್ಯಾಯವಾಗಿಯೇ ಇತ್ತು. ದೊಡ್ಡಕ್ಕ ಬದುವಿನ ಮೇಲೆ ಹೋಗದೆ ರಸ್ತೆ ಹಿಡಿದು ನಡೆದರು. ನಾನು ಹಾಕಿದ ಊಟಕ್ಕೆ ಅವರು ಕೊಟ್ಟ ದುಡ್ಡು ಹಿಡಿದುಕೊಂಡು ನಾನು ಅಲ್ಲೇ ನಿಂತಿದ್ದೆ.