ಮುನಿಯಪ್ಪ ತೊಳೆಯದ ಕಾರು

ಮೊನ್ನೆ ಬಸವೇಶ್ವರನಗರದಲ್ಲಿ ಮಗಳ ಕಾರು ತೊಳೆಸಲು ಹೋಗಿದ್ದೆ. ಕೆಲಸದವನು ಬಾನೆಟ್ ಎತ್ತಿ, ಇನ್ನೂ ಕಾದಿದ್ದ ಎಂಜಿನ್ನಿನ ಕಡೆ ಪೈಪು ತಿರುಗಿಸಿದ. "ತಾಳಪ್ಪಾ, ಮೊದ್ಲು ಆರ್ಲಿ!" ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ನಾನೇ ಬೆಚ್ಚಿದೆ. ಅದು ಮುನಿಯಪ್ಪನ ಮಾತು.

"ಯಾರು ಹೇಳ್ಕೊಟ್ರು ಅಂಕಲ್?" ಎಂದು ಅವನು ನಕ್ಕ. ಎಂಜಿನ್ ಆರುವವರೆಗೂ ಇಬ್ಬರಿಗೂ ಕೆಲಸವಿರಲಿಲ್ಲ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಸರ್ವೀಸ್ ಸ್ಟೇಷನ್ನಿನಲ್ಲಿ ಗುಮಾಸ್ತ. ಎಸ್ಸೆಸ್ಸೆಲ್ಸಿ ಪಾಸು, ದುಂಡಗಿನ ಅಕ್ಷರ, ಇಸ್ತ್ರಿ ಮಾಡಿದ ಅಂಗಿ. ಇಷ್ಟೇ ಬಂಡವಾಳಕ್ಕೆ ಜಂಬ ಮಾತ್ರ ಬೆಟ್ಟದಷ್ಟು. ಮುನಿಯಪ್ಪ ಅಲ್ಲಿ ಕಾರು ತೊಳೆಯುವವನು, ಐವತ್ತು ದಾಟಿದವನು. ಗಿರಾಕಿಗಳಿಲ್ಲದ ಮಧ್ಯಾಹ್ನ ನನ್ನನ್ನು ಕರೆದು ಪಾಠ ಹೇಳುತ್ತಿದ್ದ. ಎಂಜಿನ್ ಮುಟ್ಟಿದರೆ ಕೈ ಸುಡಬಾರದು. ಬ್ಯಾಟರಿ ವೈರು ಬಿಚ್ಚಬೇಕು. ಕಾರ್ಬುರೇಟರಿಗೂ ಡಿಸ್ಟ್ರಿಬ್ಯೂಟರಿಗೂ ನೀರು ಹೋಗದಂತೆ ಹಳೇ ಟ್ಯೂಬಿನ ರಬ್ಬರು ಸುತ್ತಬೇಕು. ಜಿಡ್ಡಿಗೆ ಸೀಮೆಎಣ್ಣೆ, ಬ್ರಷ್ಷು. ಆಮೇಲೆ ನೀರು, ಅದೂ ಮೆಲ್ಲಗೆ. ತಳ ತೊಳೆಯಲು ಕಾರಿನಡಿಯ ಗುಂಡಿಗೆ ಇಳಿಯುವ ಮುಂಚೆ ಚಕ್ರಕ್ಕೆ ಮರದ ದಿಮ್ಮಿ ಕೊಡಲೇಬೇಕು. ಅಂಗಿಯ ತೋಳು ಮಡಚಿಕೊಂಡು ಒಂದೆರಡು ಕಾರು ನಾನೂ ತೊಳೆದಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಕಂಟ್ರಾಕ್ಟರರೊಬ್ಬರು ಕರಿ ಅಂಬಾಸಿಡರ್ ತಂದರು. ನಮ್ಮ ಯಜಮಾನರಿಗೆ ಬಹಳ ಬೇಕಾದವರು. "ಎಂಜಿನ್ನು, ತಳ, ಎಲ್ಲಾ ತೊಳೀರಿ. ದಾರೀಲಿ ನಾಯಿ ಅಡ್ಡ ಬಂತು," ಎಂದರು.

ಮುನಿಯಪ್ಪ ಗುಂಡಿಗಿಳಿದ. ಸ್ವಲ್ಪ ಹೊತ್ತಿಗೆ, "ಗುಮಾಸ್ತ್ರೇ, ಒಸಿ ಬನ್ನಿ ಇಲ್ಲಿ," ಎಂದ. ಇಳಿದು ನೋಡಿದೆ. ಹಿಂದಿನ ಆಕ್ಸಲ್ ಹತ್ತಿರ ಹಸಿರು ಸೀರೆಯ ಅಂಚು ಸುತ್ತಿಕೊಂಡಿತ್ತು. ಅದರೊಳಗೆ ಉದ್ದನೆಯ ಕೂದಲು.

ಮುನಿಯಪ್ಪ ಮೇಲೆ ಬಂದ. "ನಾಯಿ ಸೀರೆ ಉಡ್ತದಾ ಸಾರ್?" ಎಂದ.

ಕಂಟ್ರಾಕ್ಟರರು ಯಜಮಾನರ ಕಡೆ ನೋಡಿದರು. ಯಜಮಾನರೇ ಉತ್ತರ ಕೊಟ್ಟರು: "ನಿನ್ನ ಕೆಲಸ ತೊಳೆಯೋದು. ತೊಳಿ."

"ಇದನ್ನ ನಾನು ತೊಳೆಯಾಕಿಲ್ಲ." ಅವನು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದ. "ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ. ನೀವೂ ಬನ್ನಿ ಗುಮಾಸ್ತ್ರೇ. ಓದಿದೋರು. ನನ್ನೊಬ್ಬನ ಮಾತು ಯಾರು ನಂಬ್ತಾರೆ?"

ಆ ತಿಂಗಳು ನನ್ನ ಕೆಲಸ ಪರ್ಮನೆಂಟ್ ಆಗುವುದರಲ್ಲಿತ್ತು. "ಗಿರಾಕಿಗಳ ಸರ್ವೀಸ್ ಕಾರ್ಡು ಬರೆಯೋದಿದೆ, ಮುನಿಯಪ್ಪ," ಎಂದೆ. ಅವನು ಒಬ್ಬನೇ ಹೋದ.

ಯಜಮಾನರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನಿಂಗೂ ಬರುತ್ತಲ್ಲಪ್ಪ ಈ ಕೆಲಸ?"

ಬರುತ್ತಿತ್ತು. ಚಕ್ರಕ್ಕೆ ದಿಮ್ಮಿ ಕೊಟ್ಟೆ. ಆ ಸೀರೆಯ ತುಂಡನ್ನು ಬ್ಲೇಡಿನಿಂದ ಕುಯ್ದು ತೆಗೆದೆ. ಯಜಮಾನರು ಕಾಗದದಲ್ಲಿ ಸುತ್ತಿಕೊಂಡು ಹೋದರು. ಸೀಮೆಎಣ್ಣೆ ಹಾಕಿ ಉಜ್ಜಿದೆ. ಗುಂಡಿಯ ನೀರು ಮೊದಲು ಕಪ್ಪಗೆ, ಆಮೇಲೆ ಕೆಂಪಗೆ, ಕೊನೆಗೆ ತಿಳಿಯಾಗಿ ಹರಿಯಿತು. ಮಧ್ಯಾಹ್ನ ಮುನಿಯಪ್ಪನ ಜೊತೆ ಪೊಲೀಸಿನವರು ಬಂದಾಗ ಕಾರು ಒಣಗಿ ನಿಂತಿತ್ತು.

"ನೀವೇನಾದ್ರೂ ನೋಡಿದ್ರಾ?" ಎಂದು ಕೇಳಿದರು.

"ಬರೀ ಮಣ್ಣು, ಗ್ರೀಸು ಸಾರ್."

ಮುನಿಯಪ್ಪ ಆಗ ನನ್ನ ಮುಖ ನೋಡಲಿಲ್ಲ. ನೆಲ ನೋಡಿದ.

ಮಾರನೆಯ ದಿನ ತನ್ನ ಬಟ್ಟೆ ಒಯ್ಯಲು ಬಂದ, ಕೆಲಸ ಹೋಗಿತ್ತು. "ಮಾಗಡಿ ರೋಡಲ್ಲಿ ಸತ್ತಳಂತೆ. ಊದುಬತ್ತಿ ಹೊಸೆಯೋಳು. ಎರಡು ಮಕ್ಕಳು," ಎಂದ. ಬಯ್ಯುತ್ತಾನೆಂದು ಕಾದೆ. ಬಯ್ಯಲಿಲ್ಲ.

"ಎಂಜಿನ್ನೂ ತೊಳೆದ್ರಾ?"

"ಹೂಂ."

"ಡಿಸ್ಟ್ರಿಬ್ಯೂಟರ್ ಮುಚ್ಚಿದ್ರಾ?"

"ಮುಚ್ಚಿದೆ."

"ಚೆನ್ನಾಗಿ ಕಲ್ತಿದೀರಿ," ಎಂದು ಹೊರಟುಹೋದ. ಮತ್ತೆ ಅವನನ್ನು ನೋಡಲಿಲ್ಲ. ನಾನು ಪರ್ಮನೆಂಟ್ ಆದೆ, ಮದುವೆಯಾದೆ, ವಿಜಯನಗರದಲ್ಲಿ ಮನೆ ಕಟ್ಟಿಸಿದೆ. ಹೆಂಡತಿಗೂ ಇದನ್ನು ಹೇಳಿರಲಿಲ್ಲ.

ಬಸವೇಶ್ವರನಗರದ ಆ ಕೆಲಸದವನು ಪೂರ್ತಿ ಕೇಳಿಸಿಕೊಂಡ. ಆಗಲೇ ಎಂಜಿನ್ ಆರಿತ್ತು, ಆದರೂ ಅವನು ಪೈಪು ಎತ್ತಿಕೊಳ್ಳಲಿಲ್ಲ.

"ಆಯಮ್ಮನ ಹೆಸರೇನು ಅಂಕಲ್?"

ಇಷ್ಟು ವರ್ಷ ನನ್ನ ತಪ್ಪನ್ನೇ ನೆನೆದು ಮರುಗುತ್ತಾ ಬಂದವನು, ಅವಳ ಹೆಸರನ್ನು ಯಾರ ಹತ್ತಿರವೂ ಒಮ್ಮೆಯೂ ಕೇಳಿರಲಿಲ್ಲ.